ಆ ಚುಕ್ಕಿ ಹೊಡೆದಿದ್ದು ಯಾರು? (ತಾತನ ಯೆಜ್ಡಿ, ಭಾಗ 4)

ಫ್ರೆಂಡ್ಸ್, ಇವತ್ತು ಮೊದಲು ಒಂದು ತಪ್ಪೊಪ್ಪಿಗೆ.

ಕಳೆದ ವಾರ ಸ್ಟೋರಿಯಲ್ಲಿ ಒಂದು ಫೋಟೋ ಹಾಕಿದ್ದೆ, ನೆನಪಿದ್ಯಾ? ಕ್ರ್ಯಾಂಕ್‌ಕೇಸ್‌ನಲ್ಲಿ ಬೇರಿಂಗ್ ಕೂರೋ ಹೌಸಿಂಗ್ ಒಳಗೆ ಸುತ್ತಲೂ ಪಂಚ್ ಹೊಡೆದ ಚುಕ್ಕಿಗಳು. "ಯಾವ ಪುಣ್ಯಾತ್ಮನ ಕೆಲಸ ಇದು?" ಅಂತ ಬರೆದು ನಗೋ ಎಮೋಜಿ ಹಾಕಿದ್ದೆ. ನೀವೂ ಚೆನ್ನಾಗಿ ನಕ್ರಿ. ನಮ್ಮ ಕ್ಲಾಸಿನವರಂತೂ ಆ ಮೆಕ್ಯಾನಿಕ್‌ಗೆ ಅಡ್ಡಹೆಸರೇ ಇಟ್ರಿ. ಆ ಪುಣ್ಯಾತ್ಮ ಯಾರು ಅಂತ ಈಗ ಗೊತ್ತಾಗಿದೆ.

ಹೊಸದಾಗಿ ಬಂದವರಿಗೆ: ಚಾಮರಾಜಪೇಟೆಯ ನಮ್ಮ ಮನೆ ಮೆಟ್ಟಿಲ ಕೆಳಗೆ ತಾತನ 1982ರ ಯೆಜ್ಡಿ ರೋಡ್‌ಕಿಂಗ್ ಎಷ್ಟೋ ವರ್ಷದಿಂದ ನಿಂತಿತ್ತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ನನ್ನ ಪ್ಲ್ಯಾನ್ ಸಿಂಪಲ್ ಆಗಿತ್ತು. ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ಹೊಸ ಬೇರಿಂಗ್, ಹೊಸ ಸೀಲ್, ಮುಗೀತು. ಬೋರಿಂಗ್ ಕಥೆ ಭಾಗ 3ರಲ್ಲಿದೆ.

ಆಮೇಲೆ ಹೊಸ ಬೇರಿಂಗ್ ಕೂರಿಸೋಕೆ ಹೋದೆ. ಕೇಸ್ ಬಿಸಿ ಮಾಡಿದ್ರೆ ಮಾತ್ರ ಅದು ಒಳಗೆ ಇಳೀಬೇಕು. ನಮ್ಮದು ತಣ್ಣಗಿದ್ದಾಗಲೇ ಬರೀ ಹೆಬ್ಬೆರಳಲ್ಲಿ ಒತ್ತಿದ್ರೆ ಕೂತುಬಿಡ್ತು. ಬೆರಳಲ್ಲಿ ತಿರುಗಿಸಿದ್ರೆ ಹೊರಗಿನ ರಿಂಗೂ ಸೇರಿ ತಿರುಗ್ತಿತ್ತು.

ಇದು ಯಾಕೆ ದೊಡ್ಡ ವಿಷಯ ಅಂದ್ರೆ, ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಬರೀ ಡಬ್ಬಿ ಅಲ್ಲ, ಅದೊಂದು ಪಂಪು. ಪೆಟ್ರೋಲ್-ಗಾಳಿ ಮಿಶ್ರಣ ಅದರೊಳಗೆ ಬಂದು, ಅಲ್ಲಿಂದ ಸಿಲಿಂಡರ್‌ಗೆ ಹೋಗತ್ತೆ. ಬೇರಿಂಗ್ ಅಲ್ಲಾಡಿದ್ರೆ ಕ್ರ್ಯಾಂಕ್ ಅಲ್ಲಾಡತ್ತೆ, ಕ್ರ್ಯಾಂಕ್ ಅಲ್ಲಾಡಿದ್ರೆ ಸೀಲ್ ಸವೆದು ಹೊರಗಿನ ಗಾಳಿ ನುಗ್ಗತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಪೆಟ್ರೋಲ್ ಜೊತೆ ಬರೋ ಆಯಿಲ್ಲೂ ಕಮ್ಮಿ. ಪಿಸ್ಟನ್ ಕಾದು ಹಿಡ್ಕೊಳ್ಳತ್ತೆ. ಮಾಡಿಸಿದ ಬೋರಿಂಗ್ ಎಲ್ಲ ನೀರಿನಲ್ಲಿ ಹೋಮ.

ಬೇರೆ ಕೇಸ್ ಹಾಕಬಾರದಾ ಅಂತೀರಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಳೇ ಕೇಸ್ ಸಿಕ್ಕರೂ ಅದರ ಮೇಲೆ ಬೇರೆ ಎಂಜಿನ್ ನಂಬರ್ ಇರತ್ತೆ. ತಾತನ ಆರ್‌ಸಿಯಲ್ಲಿ ಇರೋದು ಈ ಕೇಸಿನ ನಂಬರ್. ಇದು ಕೆಟ್ಟರೆ ಗಾಡಿಯ ಕಥೆ ಮುಗೀತು.

ಕೇಸನ್ನ ಬಟ್ಟೆಯಲ್ಲಿ ಸುತ್ಕೊಂಡು ಕಲಾಸಿಪಾಳ್ಯದ ಒಬ್ಬ ಟರ್ನರ್ ಹತ್ರ ಹೋದೆ. ಅವರು ಡಯಲ್ ಗೇಜ್ ಇಟ್ಟು ಮೇಲೆ-ಕೆಳಗೆ ಅಳೆದ್ರು, ಆಮೇಲೆ ಅಡ್ಡಡ್ಡ ಅಳೆದ್ರು. ಎರಡಕ್ಕೂ 0.12 ಮಿ.ಮೀ. ವ್ಯತ್ಯಾಸ. ಅಂದ್ರೆ ಹೌಸಿಂಗ್ ಈಗ ಗುಂಡಗಿಲ್ಲ, ಮೊಟ್ಟೆ ಥರ ಆಗಿದೆ. "ಬೇರಿಂಗ್ ಅಂಟು ಹಾಕಿದ್ರೆ?" ಅಂದೆ. "ಇಷ್ಟು ಸವೆದಿದ್ರೆ ನಿಲ್ಲಲ್ಲಮ್ಮ. ಕೊರೆದು ಸ್ಲೀವ್ ಹಾಕ್ಬೇಕು" ಅಂದ್ರು.

ಆ ಚುಕ್ಕಿಗಳನ್ನ ತೋರಿಸಿ ನಾನು ನಕ್ಕೆ. ಅವರು ನಗಲಿಲ್ಲ. "ಚುಕ್ಕಿ ಎಷ್ಟು ಸಮ ಇದೆ ನೋಡಮ್ಮ. ಅಳತೆ ಮಾಡಿ ಹೊಡೆದಿದ್ದಾರೆ" ಅಂದ್ರು.

ಅವತ್ತು ಸಂಜೆ ಕಾಫಿ ಹೊತ್ತಲ್ಲಿ ನನ್ನ ತಮ್ಮ ತಾತನಿಗೆ ಸ್ಟೋರಿ ತೋರಿಸಿಬಿಟ್ಟ. ನಿಮ್ಮ ಕಾಮೆಂಟೂ ಓದಿ ಹೇಳಿದ. ತಾತ ಲೋಟ ಕೆಳಗಿಟ್ಟು ಅಂದ್ರು, "ಅದು ನಾನೇ ಹೊಡೆದಿದ್ದು ಪುಟ್ಟಿ."

ನಂಗೆ ಏನು ಹೇಳ್ಬೇಕೋ ಗೊತ್ತಾಗಲಿಲ್ಲ.

1987ರಲ್ಲಂತೆ. ಪೀಣ್ಯದಲ್ಲಿ ಕೆಲಸ, ಬೆಳಗ್ಗೆ 6ಕ್ಕೆ ಶಿಫ್ಟು. ಎಂಜಿನ್ ಕೆಲಸಕ್ಕೆ ಕೊಟ್ರೆ ಒಂದು ವಾರ ಗಾಡಿ ಇಲ್ಲ. ರಾತ್ರಿ ಕೂತು, ಕಂಪಾಸ್‌ನಲ್ಲಿ ಗುರುತು ಹಾಕಿ, ಒಂದೊಂದೇ ಚುಕ್ಕಿ ಹೊಡೆದ್ರಂತೆ. ಪಂಚ್ ಬಿದ್ದಾಗ ಅಲ್ಯೂಮಿನಿಯಂ ಸುತ್ತ ಸ್ವಲ್ಪ ಉಬ್ಬತ್ತೆ. ಆ ಉಬ್ಬುಗಳೇ ಬೇರಿಂಗನ್ನ ಹಿಡ್ಕೊಂಡಿದ್ದು. "ಒಂದು ವಾರಕ್ಕೆ ಅಂತ ಮಾಡ್ದೆ. ಗಾಡಿ ಓಡ್ತಾನೇ ಇತ್ತು. ಆಮೇಲೆ ಬಿಚ್ಚೋಕೆ ಧೈರ್ಯ ಬರಲಿಲ್ಲ." ಉಬ್ಬುಗಳು ನಿಧಾನಕ್ಕೆ ಸವೆದವು, ಹೌಸಿಂಗೂ ಅವುಗಳ ಜೊತೆ ಸವೀತು. ಅದೇ ಗಾಡಿಯಲ್ಲಿ ನಮ್ಮಮ್ಮನ್ನ ಸ್ಕೂಲಿಗೆ ಬಿಡ್ತಿದ್ರು.

ಮಾರನೇ ದಿನ ತಾತನೂ ನನ್ನ ಜೊತೆ ಬಂದ್ರು. ನಾನು ಕಲಿತಿದ್ದನ್ನ ಹೇಳ್ತೀನಿ, ಕ್ಲಾಸಿನವರು ಬರ್ಕೊಳ್ಳಿ.

ಮೊಟ್ಟೆ ಥರ ಆದ ರಂಧ್ರವನ್ನೇ ನಂಬಿ ಸೆಂಟರ್ ಹಿಡಿಯೋ ಹಾಗಿಲ್ಲ. ಅದು ಸವೆದ ಕಡೆಗೆ ಸರಿದಿರತ್ತೆ. ಅದಕ್ಕೇ ಕೇಸಿನ ಎರಡೂ ಭಾಗ ಬೋಲ್ಟ್ ಹಾಕಿ ಜೋಡಿಸಿ, ಎದುರು ಭಾಗದ ಚೆನ್ನಾಗಿರೋ ಹೌಸಿಂಗಿನಿಂದ ಸೆಂಟರ್ ತಗೊಂಡ್ರು. ಜೋಡಿಸೋ ಮುಂಚೆ ಅಂಚಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಎಬ್ಬಿದ ಗಾಯಗಳನ್ನ ಸಣ್ಣ ಕಲ್ಲಿನಲ್ಲಿ ಉಜ್ಜಿದ್ರು. ಇಲ್ಲಾಂದ್ರೆ ಕೇಸ್ ಓರೆಯಾಗಿ ಕೂತು ಎಲ್ಲ ಅಳತೆಯೂ ಸುಳ್ಳಾಗತ್ತೆ.

ಸ್ಲೀವ್ ಉಕ್ಕಿನದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗತ್ತೆ. ಸುಮಾರು 65 ಮಿ.ಮೀ. ರಂಧ್ರ ಅಂದ್ಕೊಳ್ಳಿ, 80 ಡಿಗ್ರಿ ಬಿಸಿ ಏರಿದ್ರೆ ಎರಡರ ಮಧ್ಯೆ 0.05 ಮಿ.ಮೀ. ಮೇಲೆಯೇ ಸಡಿಲ ಆಗತ್ತೆ. ಅದಕ್ಕೇ ಸ್ಲೀವ್ ಅದಕ್ಕಿಂತ ಬಿಗಿಯಾಗಿರಬೇಕು. ಕೇಸ್ ಬಿಸಿ ಮಾಡಿ ಸ್ಲೀವ್ ಇಳಿಸಿ, ತಣ್ಣಗಾದ ಮೇಲೆ ಒಳಗಿನ ಫೈನಲ್ ಅಳತೆಗೆ ಕೊರೆದ್ರು. ಮೊದಲೇ ಕೊರೆದ್ರೆ? ಕೇಸ್ ಹಿಂಡಿದಾಗ ಸ್ಲೀವ್ ಕುಗ್ಗಿ ಅಳತೆ ತಪ್ಪತ್ತೆ. ಇದನ್ನ ನಾನು ಕ್ಲಾಸಲ್ಲಿ ಯೋಚನೆ ಮಾಡಿರ್ಲೇ ಇಲ್ಲ.

ಮೊದಲ ಕಟಿಂಗ್‌ಗೇ ಚುಕ್ಕಿಗಳು ಹೊರಟು ಹೋದ್ವು. ಬೆಳ್ಳಿ ಥರ ಚೂರು ಉದುರ್ತಿತ್ತು. ತಾತ ಸ್ಟೂಲ್ ಮೇಲೆ ಕೂತು ನೋಡ್ತಿದ್ರು. "36 ಇತ್ತು" ಅಂದ್ರು. ನಾನು ಫೋಟೋ ಝೂಮ್ ಮಾಡಿ ಎಣಿಸ್ದೆ. ಸರಿಯಾಗಿ 36.

ಈಗ ಬೇರಿಂಗ್ ಕೂತಿದೆ. ಕೇಸ್ ಬಿಸಿ ಇದ್ದಾಗ ಟಪ್ ಅಂತ ಇಳೀತು, ತಣ್ಣಗಾದ ಮೇಲೆ ಹೊರಗಿನ ರಿಂಗ್ ಅಲ್ಲಾಡಲಿಲ್ಲ. ಆ ಸ್ಟೋರಿಯನ್ನ ಹೈಲೈಟ್‌ನಿಂದ ತೆಗೆದಿದ್ದೀನಿ. ಫೋಟೋ ಮಾತ್ರ ಇಟ್ಕೊಂಡಿದ್ದೀನಿ, ಇವತ್ತಿನ ಕೊನೇ ಸ್ಲೈಡ್ ಅದೇ. ಅಡ್ಡಹೆಸರು ಇಟ್ಟವರು ಕಾಮೆಂಟಲ್ಲಿ ತಾತನಿಗೆ ಒಂದು ಸಾರಿ ಕೇಳ್ಕೊಳ್ಳಿ. ನಾನು ಕೇಳಿದ್ದಾಯ್ತು.

ಭಾಗ 5: ಕ್ರ್ಯಾಂಕ್ ನೇರ ಮಾಡೋದು. ನಿಮ್ಮ ಮನೆ ಹಳೇ ಗಾಡಿ, ಹೊಲಿಗೆ ಮಷಿನ್, ಮಿಕ್ಸಿಯಲ್ಲಿ ಇಂಥ "ಒಂದು ವಾರದ" ರಿಪೇರಿ ಏನಾದ್ರೂ ಇದ್ಯಾ? ನಗೋ ಮುಂಚೆ ಯಾರು ಮಾಡಿದ್ದು ಅಂತ ಮನೇಲಿ ಕೇಳಿ, ಆಮೇಲೆ ನಂಗೆ ಬರೀರಿ.

#ತಾತನಯೆಜ್ಡಿ #ಚಾಮರಾಜಪೇಟೆ #ಕಲಾಸಿಪಾಳ್ಯ #ಟೂಸ್ಟ್ರೋಕ್