ಅಲೀಪುರದ ಕಥೆಗಳು, ಭಾಗ 9: ಸಂಘ ಅಂದ್ರೆ ಕಂತು ಕಟ್ಟೋದಷ್ಟೇನಾ?

ಫೋಟೋದಲ್ಲಿ ಕಾಣ್ತಿರೋದು ನಮ್ಮ ಅಮ್ಮಿಯ ಸಂಘದ ಲೆಕ್ಕದ ಪುಸ್ತಕ. ಸ್ವೈಪ್ ಮಾಡಿದ್ರೆ ಒಳಗಿನ ಪುಟಾನೂ ಕಾಣುತ್ತೆ. ಹೆಸರುಗಳನ್ನ ಬೇಕಂತಲೇ ಮುಚ್ಚಿದ್ದೀನಿ. ಈ ಸಂಘ ಇಟ್ಕೋಬೇಕಾ, ದುಡ್ಡು ಪಾಲು ಮಾಡ್ಕೊಂಡು ಮುಗಿಸಿಬಿಡಬೇಕಾ ಅನ್ನೋ ಮಾತು ಎರಡು ತಿಂಗಳಿಂದ ನಮ್ಮ ಬೀದೀಲಿ ನಡೀತಿದೆ. ನಿಮ್ಮ ಬೀದೀಲೂ ನಡೀತಿರಬಹುದು, ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಲೆಕ್ಕ ನೋಡಿ. ಹದಿನಾಲ್ಕು ಜನ, ವಾರಕ್ಕೆ ತಲಾ 50 ರೂಪಾಯಿ. ವರ್ಷಕ್ಕೆ 36,400 ಆಯ್ತು. ನಾಲ್ಕು ವರ್ಷಕ್ಕೆ 1,45,600. ಪಾಲು ಮಾಡಿದ್ರೆ ಒಬ್ಬೊಬ್ಬರ ಕೈಗೆ 10,400 ಬರುತ್ತೆ. ಒಂದು ಶಾಲೆ ಫೀಸು, ಒಂದು ಮದುವೆ ಮುಯ್ಯಿ, ಮುಗೀತು. ಪಾಲು ಮಾಡದೆ ಇಟ್ರೆ, ಯಾರ ಮನೇಲಿ ಆಸ್ಪತ್ರೆ ಖರ್ಚು ಬಂದ್ರೂ ಒಂದೂವರೆ ಲಕ್ಷದ ಹತ್ತಿರದ ದುಡ್ಡು ಬೀದೀಲೇ ಇರುತ್ತೆ.

ಹಾಗಿದ್ರೆ ಪಾಲು ಯಾಕೆ ಕೇಳ್ತಿದ್ದಾರೆ? ಕಂಪನಿ ಸಾಲಕ್ಕೆ. ಆಧಾರ್ ಕಾರ್ಡು, ಒಂದು ಫೋಟೋ ಕೊಟ್ರೆ ಬೇಗ ದುಡ್ಡು ಕೈಗೆ ಬರುತ್ತೆ. ಮೀಟಿಂಗು ಬೇಡ, ಉಳಿತಾಯ ಬೇಡ. ಆದರೆ ಕಂತು ಮಾತ್ರ ವಾರ ತಪ್ಪಂಗಿಲ್ಲ. ನಮ್ಮೂರು ಹರಳಿನ ಊರು. ಹರಳು ಕತ್ತರಿಸಿ, ಉಜ್ಜಿ, ಪಾಲಿಷ್ ಮಾಡೋ ಮನೆಗಳಲ್ಲಿ ಆರ್ಡರ್ ಬಂದ ವಾರ ದುಡ್ಡು, ಬಾರದ ವಾರ ಬರೀ ಕೈ. ದುಡಿಮೆ ಹೀಗೆ ಏರಿಳಿಯುತ್ತೆ, ಕಂತು ಮಾತ್ರ ಅಷ್ಟಕ್ಕೇ ನಿಂತಿರುತ್ತೆ. ಪಕ್ಕದ ಮನೆ ಖಾಲಾ ಒಂದು ಕಂಪನಿ ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ ತಗೊಂಡ್ರು, ಅದನ್ನ ತೀರಿಸೋಕೆ ಮೂರನೇದು. ಈಗ ಸಂಘದ ಪಾಲು ಸಿಕ್ಕಿದ್ರೆ ಸ್ವಲ್ಪ ಉಸಿರಾಡ್ತೀನಿ ಅಂತಾರೆ. ಅವರ ಮಾತೂ ಸುಳ್ಳಲ್ಲ.

ಅಲೀಪುರದಲ್ಲಿ ಜಗಳ, ವ್ಯಾಜ್ಯ ಅಂದ್ರೆ ಜನ ಪೊಲೀಸ್ ಠಾಣೆಗಿಂತ ಮೊದಲು ಅಂಜುಮನ್-ಎ-ಜಾಫರಿಯಾ ಕಡೆ ನೋಡ್ತಾರೆ. ಕೂತು ಮಾತಾಡಿ ಬಗೆಹರಿಸೋದು ನಮಗೆ ಹೊಸದಲ್ಲ. ಆದರೆ ಹೆಂಗಸರ ಸಾಲ ಜಗಳ ಅಲ್ಲವಲ್ಲ, ಅದು ಮರ್ಯಾದೆ ವಿಷಯ. ಹಾಗಾಗಿ ಯಾರೂ ಬಾಯಿ ಬಿಡಲ್ಲ. ಬಾಯಿ ಬಿಡೋಕೆ ಒಂದು ಜಾಗ ಬೇಕು. ಸಂಘ ಹುಟ್ಟಿದ್ದೇ ಅದಕ್ಕೆ.

ಈ ಸ್ವಸಹಾಯ ಸಂಘದ ಚರಿತ್ರೆಯಲ್ಲಿ ನಮ್ಮ ಕಡೆಯ ಹೆಸರೂ ಇದೆ ಅಂತ ನಿಮಗೆ ಗೊತ್ತಾ? 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಮಾಡಿಕೊಡೋಕೆ ಅಂತ ಶುರುವಾದ ಮೈರಾಡ ಸಂಸ್ಥೆ, ಆಮೇಲೆ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘ ಕಟ್ಟಿತ್ತು. ನೂರು ಜನರ ಸಂಘದಲ್ಲಿ ನಾಲ್ಕು ಜನರದ್ದೇ ದರ್ಬಾರು. 1984-85ರ ಹೊತ್ತಿಗೆ ಅವು ಒಡೆದವು. ಬಿಟ್ಟು ಬಂದವರು ತಮಗೆ ನಂಬಿಕೆ ಇದ್ದ ಹತ್ತು ಹದಿನೈದು ಜನರ ಜೊತೆ ಬೇರೆ ಕೂತರು, ‘ನಮ್ಮ ಪಾಲಿನ ಸಾಲ ವಾಪಸ್ ಕಟ್ತೀವಿ’ ಅಂತ ಮೈರಾಡದವರ ಹತ್ರ ಬಂದರು. ಅವರು ‘ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಕೊಳ್ಳಿ’ ಅಂದರು. ಆ ಸಣ್ಣ ಗುಂಪುಗಳು ಬೆಳೆದ ಜಾಗಗಳಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರವೂ ಒಂದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಆಗ ನಾವೂ ಕೋಲಾರದವರೇ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರುವಾಯ್ತು. ಇವತ್ತು ಪ್ರತಿ ಹಳ್ಳೀಲೂ ಸಂಘ ಇರೋದಕ್ಕೆ ಆ ಪ್ರಯೋಗವೇ ದಾರಿ.

ನಮ್ಮದೇ ಜಿಲ್ಲೆಯ ಬಾಗೇಪಲ್ಲೀಲಿ ಇನ್ನೊಂದು ಉದಾಹರಣೆ ಇದೆ. 1977ರಲ್ಲಿ ಶುರುವಾದ ಅಡಾಟ್ಸ್ ಸಂಸ್ಥೆ ಬಡ ರೈತರು, ಕೂಲಿಕಾರರ ಜೊತೆ ಕೂಲಿ ಸಂಘ ಕಟ್ಟಿತು. ಸದಸ್ಯರು ತಮ್ಮ ದುಡಿಮೆಯಲ್ಲೇ ಒಂದು ಪಾಲು ಸಂಘದ ನಿಧಿಗೆ ಹಾಕೋರು. ಬೇಸಿಗೇಲಿ ಕೂಲಿ ಇಲ್ಲದ ದಿನ ಒಣಭೂಮಿಯ ಕಲ್ಲು ತೆಗೆದು ಬದು ಹಾಕೋ ಕೆಲಸ. 2005ರಲ್ಲಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಹಾಕೋ ಅವರ ಯೋಜನೆ ವಿಶ್ವಸಂಸ್ಥೆಯ ಇಂಗಾಲ ಲೆಕ್ಕದಲ್ಲಿ ನೋಂದಣಿ ಆಯ್ತು. ಹೊಗೆ ಕಮ್ಮಿಯಾದ್ರೆ ಹೊರದೇಶದವರು ಅದಕ್ಕೆ ದುಡ್ಡು ಕೊಡ್ತಾರೆ, ಆ ದುಡ್ಡು ಯೋಜನೆಗೇ ಬರುತ್ತೆ. ಸೌದೆ ಊದಿ ಊದಿ ಕಣ್ಣು ಕೆಂಪಾಗೋ ಹೆಂಗಸರಿಗೆ ಇದು ಎಷ್ಟು ದೊಡ್ಡದು ಅಂತ ನಾನು ಹೇಳಬೇಕಾಗಿಲ್ಲ.

ಎರಡು ಕಡೇನೂ ಸಂಸ್ಥೆ ಹೊರಗಿಂದ ಬಂತು, ಆದರೆ ನಿಧಿ ಜನರದ್ದು, ತೀರ್ಮಾನಾನೂ ಜನರದ್ದು. ಕಂಪನಿ ಮಾಡೋ ‘ಗುಂಪು’ ಹಾಗಲ್ಲ. ಅಲ್ಲಿ ಪಕ್ಕದವಳು ಕಟ್ಟದಿದ್ರೆ ನೀವು ಕಟ್ಟಬೇಕು, ಅಷ್ಟಕ್ಕೇ ಗುಂಪು. ಬಡ್ಡಿ ಶೇಕಡಾ 20 ದಾಟುತ್ತೆ, ಊರಿಂದ ಹೊರಗೆ ಹೋಗುತ್ತೆ. ನಮ್ಮ ಸಂಘದ ಬಡ್ಡಿ ನಮ್ಮ ನಿಧಿಗೇ ವಾಪಸ್ ಬೀಳುತ್ತೆ. ಬಡ್ಡಿನೇ ಬೇಡ ಅನ್ನೋರು ನಮ್ಮೂರಲ್ಲಿ ಇದ್ದಾರೆ. ಅವರಿಗೆ ಕರ್ಜೆ ಹಸನ ಇದೆ, ಬಡ್ಡಿ ಇಲ್ಲದ ಕೈಸಾಲ. ನಮ್ಮದೇ ಉಳಿತಾಯದಲ್ಲಿ ಅದನ್ನೂ ಮಾಡಬಹುದು, ಹದಿನಾಲ್ಕು ಜನ ಒಪ್ಪಿದ್ರೆ ಸಾಕು.

ಈಗಾಗಲೇ ಸಾಲದಲ್ಲಿ ಸಿಕ್ಕೊಂಡಿರೋರು ಇದನ್ನ ಸೇವ್ ಮಾಡಿಟ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಂಗಿಲ್ಲ. ಮನೆಮುಂದೆ ಕೂತು ಬೈಯೋದು, ಹೆದರಿಸೋದಂತೂ ಇಲ್ಲವೇ ಇಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂತು. ಕಿರುಕುಳ ಕೊಟ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಠಾಣೇಲಿ ದೂರು ತಗೊಳ್ಳಲ್ಲ ಅನ್ನಂಗಿಲ್ಲ. ಕಾನೂನು ಇದೆ ಅಂತ ಸಾಲ ಮಾಯ ಆಗಲ್ಲ, ಆದರೆ ಹೆದರಿಕೆ ಸ್ವಲ್ಪ ಇಳಿಯುತ್ತೆ.

ನಮ್ಮ ಬೀದಿ ವಿಷಯಕ್ಕೆ ಬಂದ್ರೆ, ಅಮ್ಮಿ ಹೋದ ವಾರದ ಮೀಟಿಂಗಲ್ಲಿ ಒಂದು ಮಾತು ಇಟ್ಟರು. ‘ಪಾಲು ಬೇಡ. ಮೊದಲು ಎಲ್ಲರೂ ಯಾರ ಹತ್ರ ಎಷ್ಟು ಸಾಲ ಅಂತ ಬಾಯಿಬಿಟ್ಟು ಹೇಳೋಣ. ಅತೀ ಕಷ್ಟದಲ್ಲಿರೋರಿಗೆ ಮೊದಲ ಸಾಲ ಸಂಘದಿಂದಲೇ.’ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಖಾಲಾ ಶುರು ಮಾಡಿದ್ರು. ಅವರ ಹಿಂದೆ ಇನ್ನೂ ಆರು ಜನ ಹೇಳಿದ್ರು. ಪಾಲಿನ ಮಾತು ಸದ್ಯಕ್ಕೆ ನಿಂತಿದೆ. ಇಬ್ಬರು ಮಾತ್ರ ಇನ್ನೂ ಒಪ್ಪಿಲ್ಲ, ಅವರ ದುಡ್ಡು ಅವರಿಗೆ ಕೊಡೋದು ಅಂತ ತೀರ್ಮಾನ ಆಗಿದೆ.

ನಿಮ್ಮ ಮನೇಲಿ ಯಾರಾದ್ರೂ ಸಂಘದಲ್ಲಿದ್ರೆ ಈ ವಾರ ಮೂರೇ ಪ್ರಶ್ನೆ ಕೇಳಿ. ಲೆಕ್ಕದ ಪುಸ್ತಕ ಯಾರ ಮನೇಲಿದೆ? ಅದನ್ನ ಓದಿ ಹೇಳೋಕೆ ಎಷ್ಟು ಜನರಿಗೆ ಬರುತ್ತೆ? ಹೋದ ವರ್ಷ ಸಂಘದ ಸಾಲ ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ? ಉತ್ತರ ಕಾಮೆಂಟಲ್ಲಿ ಬರೀರಿ, ಹೆಸರು ಬೇಡ, ಊರು ಸಾಕು. ಮುಂದಿನ ಭಾಗದಲ್ಲಿ ಅದನ್ನೇ ಇಟ್ಕೊಂಡು ಮಾತಾಡೋಣ.

#ಅಲೀಪುರ #ಗೌರಿಬಿದನೂರು #ಚಿಕ್ಕಬಳ್ಳಾಪುರ #ಸ್ವಸಹಾಯಸಂಘ #ನಮ್ಮೂರಕಥೆ