ಎರಡನೆಯ ಪ್ರತಿ

ಮನೆಯ ಮುಂಬಾಗಿಲ ಬೀಗಕ್ಕೆ ಎರಡು ಬೀಗದ ಕೈಗಳಿರುವುದು ವಾಡಿಕೆ. ಒಂದನ್ನು ಯಜಮಾನನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾನೆ. ಮತ್ತೊಂದು ಜೋಪಾನವಾಗಿರಲೆಂದು ನಡುಮನೆಯ ಬೀರುವಿನಲ್ಲಿ ಸೇರುತ್ತದೆ. ಮೊದಲನೆಯದು ಸಂತೆಯಲ್ಲಿ ಕಳೆದುಹೋದ ದಿನ, ಎರಡನೆಯದು ಬೀಗ ಹಾಕಿದ ಮನೆಯೊಳಗೆ ಅತ್ಯಂತ ಜೋಪಾನವಾಗಿಯೇ ಇರುತ್ತದೆ. ಮನೆಯವರು ಮಾತ್ರ ಜಗಲಿಯ ಮೇಲಿರುತ್ತಾರೆ. ಇದನ್ನು ಕೇಳಿ ನಗದವರಿಲ್ಲ. ಆದರೆ ಅಪಾರ ಹಣ ಹೂಡಿ, ಬುದ್ಧಿವಂತರನ್ನು ಸಂಬಳಕ್ಕಿಟ್ಟುಕೊಂಡಿರುವ ದೊಡ್ಡ ಸಂಸ್ಥೆಗಳೂ ತಮ್ಮ ಲೆಕ್ಕಪತ್ರಗಳ ವಿಷಯದಲ್ಲಿ ಇದನ್ನೇ ಮಾಡಿಕೊಂಡಿರುವುದುಂಟು. ಎರಡನೆಯ ಪ್ರತಿಯೊಂದು ಇದ್ದರೆ ಸಾಲದು. ಅದು ಎಲ್ಲಿದೆ, ಬೇಕಾದಾಗ ಕೈಗೆ ಬರುವುದೇ ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಮಾತನ್ನಾಡಲು ನನಗೊಂದು ಕಾರಣವುಂಟು. ಜಿಲ್ಲೆಯ ಊರೊಂದರ ಆಸ್ಪತ್ರೆಯಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ, ನಿನ್ನೆಯ ರಕ್ತಪರೀಕ್ಷೆಯ ಫಲವೇನು, ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ, ಇವೆಲ್ಲವೂ ಹಿಂದೆ ಬಟ್ಟೆಯ ರಟ್ಟು ಹಾಕಿದ ದಪ್ಪ ದಪ್ಪ ಪುಸ್ತಕಗಳಲ್ಲಿರುತ್ತಿದ್ದುವು. ಒಂದು ಪುಸ್ತಕ ಹಾಳಾದರೆ ಒಂದು ವಿಭಾಗದ ಲೆಕ್ಕ ಹೋಗುತ್ತಿತ್ತು, ಉಳಿದುದು ಉಳಿಯುತ್ತಿತ್ತು. ಈಗ ಅಷ್ಟೂ ಒಂದು ತಣ್ಣನೆಯ ಕೋಣೆಯಲ್ಲಿ, ಆಳೆತ್ತರದ ಕಬ್ಬಿಣದ ಚೌಕಟ್ಟೊಂದರಲ್ಲಿ ಅಡಗಿದೆ. ಅನುಕೂಲವೇನೋ ಬಹಳ. ಅಪಾಯವೂ ಅದಕ್ಕೆ ಸರಿಸಮನಾದುದು.

ಈ ಕೋಣೆಯ ಏರ್ಪಾಡನ್ನು ಎರಡು ಮಾತುಗಳಲ್ಲಿ ಹೇಳಿಬಿಡುವೆನು. ಹಿಂದೆ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್ ಇರುತ್ತಿತ್ತು. ಈಗ ಬಲವಾದ ಒಂದೇ ಯಂತ್ರದೊಳಗೆ ಹತ್ತಾರು ವರ್ಚುವಲ್ ಮೆಷೀನ್‌ಗಳನ್ನು, ಎಂದರೆ ಕಲ್ಪಿತ ಯಂತ್ರಗಳನ್ನು, ಸಂಸಾರ ಹೂಡಿಸುತ್ತಾರೆ. ನಮ್ಮ ಹಳೆಯ ವಠಾರಗಳನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುವುದು: ಬಾವಿಯೂ ಅಂಗಳವೂ ಎಲ್ಲರಿಗೂ ಒಂದೇ, ಒಲೆ ಮಾತ್ರ ಬೇರೆ ಬೇರೆ. ಈ ಉಪಾಯ ಹೊಸದೇನೂ ಅಲ್ಲ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಪ್ರಕಟಿಸಿದರು. 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಮೊದಲಾದ ಕಂಪೆನಿಗಳು ಅದನ್ನು ಸಾಧಾರಣ ಬೆಲೆಯ ಯಂತ್ರಗಳಿಗೂ ಇಳಿಸಿದುವು. ಇದರ ದೊಡ್ಡ ಗುಣವೇನೆಂದರೆ, ಕಲ್ಪಿತ ಯಂತ್ರವೆಂಬುದು ಕೊನೆಗೆ ಕೆಲವು ಕಡತಗಳ ಕಟ್ಟು. ಆ ಕಟ್ಟನ್ನು ಎತ್ತಿಕೊಂಡು ಹೋಗಿ ಬೇರೊಂದು ಊರಿನ, ಬೇರೊಬ್ಬರು ತಯಾರಿಸಿದ ಯಂತ್ರದಲ್ಲಿಟ್ಟು ಎಬ್ಬಿಸಿದರೆ, ಮಲಗಿದ್ದವನು ಎದ್ದಂತೆ ಕೆಲಸಕ್ಕೆ ತೊಡಗುತ್ತದೆ. ಆದರೆ ವಠಾರಕ್ಕೆ ಬೆಂಕಿ ಬಿದ್ದರೆ ಹತ್ತು ಸಂಸಾರಗಳೂ ಒಟ್ಟಿಗೇ ಬೀದಿಗೆ ಬರುವುವೆಂಬುದನ್ನು ಮರೆಯಬಾರದು.

ಆದುದರಿಂದ ಪ್ರತಿ ತೆಗೆಯುವ ಕೆಲಸ. ಇದನ್ನು ಮನುಷ್ಯರ ಜ್ಞಾಪಕಕ್ಕೆ ಬಿಡಲಾಗದು. ಮನುಷ್ಯನಿಗೆ ಜ್ವರ ಬರುವುದುಂಟು. ತಂಗಿಯ ಮದುವೆಯೂ ಬರುವುದುಂಟು. ಯಂತ್ರಕ್ಕೆ ಇವೆರಡೂ ಇಲ್ಲ. ಗೊತ್ತಾದ ಹೊತ್ತಿಗೆ ಅದು ತಾನೇ ಎದ್ದು, ಬರೆವಣಿಗೆಯನ್ನು ಒಂದು ಸಾಲಿಗೆ ತಂದು ನಿಲ್ಲಿಸುವಂತೆ ದತ್ತಾಂಶದ ಭಂಡಾರಕ್ಕೆ ಹೇಳಿ, ಆ ಕ್ಷಣದ ಸ್ಥಿತಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದ ಸ್ಥಿತಿಗೆ ಸ್ನ್ಯಾಪ್‌ಷಾಟ್ ಎಂದು ಹೆಸರು. ಮೊದಲ ಸಲ ಇಡೀ ಯಂತ್ರದ ನಕಲಾಗುತ್ತದೆ. ಆಮೇಲೆ ಹಿಂದಿನ ಸಲದಿಂದೀಚೆಗೆ ಬದಲಾದ ತುಣುಕುಗಳದು ಮಾತ್ರ. ನಕಲು ಮುಗಿದೊಡನೆ ಸ್ನ್ಯಾಪ್‌ಷಾಟನ್ನು ಕಳಚಿಹಾಕಿ, ಅವಧಿ ತೀರಿದ ಹಳೆಯ ಪ್ರತಿಗಳನ್ನು ತೆಗೆದುಹಾಕಿ, ಬೆಳಗಾಗುವುದರೊಳಗೆ ವರದಿಯೊಂದನ್ನು ಕಳುಹಿಸುತ್ತದೆ. ಆಳಿನ ಕೈಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಪ್ರತಿರಾತ್ರಿಯೂ ಮಾಡಿಸುವುದು ಸಾಧ್ಯವಿಲ್ಲ.

ಆದರೆ ಎಷ್ಟು ಹೊತ್ತಿಗೊಮ್ಮೆ ಮಾಡಬೇಕೆಂಬುದನ್ನು ಯಂತ್ರ ಹೇಳದು. ಅದಕ್ಕೆ ಮನುಷ್ಯರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ವಿಪತ್ತು ಬಂದರೆ ಎಷ್ಟು ಹೊತ್ತಿನ ಬರೆವಣಿಗೆಯನ್ನು ಕಳೆದುಕೊಂಡು ತಾಳಿಕೊಳ್ಳಬಲ್ಲೆವು? ಮತ್ತೆ ಕೆಲಸ ನಡೆಯುವವರೆಗೆ ಎಷ್ಟು ಹೊತ್ತು ಕಾಯಬಲ್ಲೆವು? ನಮ್ಮಲ್ಲಿ ಈ ಮಾತು ಎತ್ತಿದಾಗ ಎಲ್ಲ ವಿಭಾಗದವರೂ ಒಂದು ನಿಮಿಷವೂ ಕಾಯಲಾರೆವೆಂದರು. ಹಾಗೆ ಮಾಡಲು ತಗಲುವ ಖರ್ಚನ್ನು ಹೇಳಿದ ಮೇಲೆ ನಿಜವಾದ ಉತ್ತರಗಳು ಹೊರಟುವು. ಸಂಬಳದ ಪಟ್ಟಿಯವರು ಒಂದು ದಿನ ಕಾಯಬಲ್ಲರು. ಪ್ರಯೋಗಶಾಲೆಯೂ ತೀವ್ರನಿಗಾ ವಿಭಾಗವೂ ಎರಡು ಗಂಟೆಗಿಂತ ಹೆಚ್ಚು ಕಾಯಲಾರವು. ಅದರಂತೆ ಅವೆರಡರ ಪ್ರತಿಗಳು ಅರ್ಧ ಗಂಟೆಗೊಮ್ಮೆ, ಉಳಿದವುಗಳದು ದಿನಕ್ಕೊಮ್ಮೆ ಎಂದು ಗೊತ್ತಾಯಿತು.

ಇಷ್ಟಾದರೆ ನಿಶ್ಚಿಂತೆಯೆಂದು ತಿಳಿಯುವವರು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪೆನಿಯಲ್ಲಿ ನಡೆದುದನ್ನು ಕೇಳಬೇಕು. ಲೋಕದ ನಾನಾ ಕಡೆಯ ತಂತ್ರಾಂಶ ಬರೆಯುವವರ ಬರೆವಣಿಗೆಯನ್ನು ಕಾಪಾಡಿಕೊಡುವುದೇ ಆ ಕಂಪೆನಿಯ ಕಸುಬು. ಅಂದು ರಾತ್ರಿ ದಣಿದಿದ್ದ ಕೆಲಸಗಾರರೊಬ್ಬರು ಒಂದು ಯಂತ್ರದಲ್ಲಿ ಅಳಿಸಬೇಕಾದುದನ್ನು ಮತ್ತೊಂದರಲ್ಲಿ ಅಳಿಸಿದರು. ಸುಮಾರು 300 ಗಿಗಾಬೈಟಿನ ಭಂಡಾರದಲ್ಲಿ ಐದಕ್ಕಿಂತ ಕಡಿಮೆ ಉಳಿಯಿತು. ಪ್ರತಿಗಳನ್ನು ಹುಡುಕಲು ಹೋದರೆ, ಇದ್ದ ಐದು ಬಗೆಯ ಏರ್ಪಾಡುಗಳಲ್ಲಿ ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಪ್ರತಿದಿನದ ನಕಲು ಮಾಡುತ್ತಿದ್ದ ಸಾಧನವು ಭಂಡಾರಕ್ಕಿಂತ ಹಳೆಯ ಆವೃತ್ತಿಯದಾದುದರಿಂದ ಬಹಳ ದಿನಗಳಿಂದ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ಅದು ಬರೆದ ಪತ್ರಗಳನ್ನು, ಸರಿಯಾದ ಸಹಿಯಿಲ್ಲವೆಂದು, ಅಂಚೆಯ ಯಂತ್ರವೇ ತಿರಸ್ಕರಿಸುತ್ತಿತ್ತು! ಕೊನೆಗೆ ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಷಾಟಿನಿಂದ ಮಾನ ಉಳಿಯಿತು. ಆ ಕಂಪೆನಿಯವರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಪ್ರಕಟಿಸಿದುದು ಅವರ ದೊಡ್ಡತನ. ಇದರಿಂದ ನಾವು ಕಲಿಯಬೇಕಾದುದಿಷ್ಟೆ: ತಾನೇ ನಡೆಯುವ ಕೆಲಸವು ತಾನೇ ನಿಂತುಹೋದರೂ ಯಾರಿಗೂ ತಿಳಿಯದು. ಮೌನವನ್ನು ಕ್ಷೇಮಸಮಾಚಾರವೆಂದು ತಿಳಿಯಬಾರದು.

ನಮ್ಮ ಲೆಕ್ಕಪತ್ರದ ವಿಭಾಗದಲ್ಲಿ ಹಿರಿಯರೊಬ್ಬರಿದ್ದರು, ಈಗ ನಿವೃತ್ತರಾಗಿದ್ದಾರೆ. ಒಕ್ಕಲು ಮನೆತನದವರು. ಗಣಕಯಂತ್ರದ ಒಳಗುಟ್ಟು ಅವರಿಗೆ ತಿಳಿಯದು. ಪ್ರತಿ ತೆಗೆಯುವ ಏರ್ಪಾಡನ್ನು ಮೊದಲು ಹೂಡುತ್ತಿದ್ದಾಗ ಅವರು ನನ್ನ ವಿವರಣೆಯನ್ನೆಲ್ಲ ಸಾವಧಾನವಾಗಿ ಕೇಳಿ, "ಅಲ್ಲಪ್ಪಾ, ಬೀಜ ಎತ್ತಿಡುತ್ತೀಯ, ಸರಿ. ಮೊಳಕೆ ಕಟ್ಟಿ ನೋಡುವುದು ಯಾವಾಗ?" ಎಂದರು. ಬಿತ್ತನೆಗೆ ಮುಂಚೆ ರೈತನು ಇಟ್ಟ ಬೀಜದಲ್ಲಿ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತುವೆಂದು ನೋಡುತ್ತಾನೆ. ಕಣಜ ತುಂಬಿದೆಯೆಂಬ ಮಾತ್ರಕ್ಕೆ ಹೊಲಕ್ಕೆ ಚೆಲ್ಲುವುದಿಲ್ಲ. ಮುಗ್ಗಿದ ಬೀಜವೂ ನೋಡಲು ಬೀಜದಂತೆಯೇ ಇರುತ್ತದೆ. ಈ ವಿಷಯವಾಗಿ ನಾನು ಓದಿದ ದಪ್ಪ ಗ್ರಂಥಗಳಲ್ಲಿ ಇದಕ್ಕಿಂತ ಮೇಲಾದ ಮಾತು ಯಾವುದೂ ಇಲ್ಲ.

ಅಂದಿನಿಂದ ಮೊಳಕೆ ಕಟ್ಟುವುದನ್ನೂ ಯಂತ್ರಕ್ಕೇ ಒಪ್ಪಿಸಿದೆವು. ವಾರಕ್ಕೊಮ್ಮೆ, ಹೊರಗಿನ ಸಂಪರ್ಕವಿಲ್ಲದ ಮುಚ್ಚಿದ ಜಾಲವೊಂದರಲ್ಲಿ, ಪ್ರತಿಗಳಿಂದಲೇ ಕಲ್ಪಿತ ಯಂತ್ರಗಳನ್ನು ಎಬ್ಬಿಸಲಾಗುತ್ತದೆ. ಇದಕ್ಕೊಂದು ಕ್ರಮವುಂಟು. ಹೆಸರುಗಳನ್ನೂ ಗುರುತುಗಳನ್ನೂ ಬಲ್ಲ ಯಂತ್ರ ಮೊದಲು. ದತ್ತಾಂಶದ ಭಂಡಾರ ಅನಂತರ. ಭಂಡಾರವನ್ನು ನಂಬಿದ ಕಾರ್ಯಕ್ರಮಗಳು ಕೊನೆಗೆ. ಒಲೆ ಹೊತ್ತಿಸುವ ಮೊದಲು ಎಸರಿಡಲಾಗುವುದಿಲ್ಲವಷ್ಟೆ. ಎದ್ದ ಮೇಲೆ ಯಂತ್ರವು ಪ್ರಯೋಗಶಾಲೆಯ ಪುಸ್ತಕದಿಂದ ಕೊನೆಯ ಫಲವನ್ನು ಕೇಳಿ ಪಡೆದು, ಅದರ ಕಾಲವನ್ನು ಸರಿನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡುತ್ತದೆ. ಮೂರು ತಿಂಗಳಿಗೊಮ್ಮೆ ಮಾತ್ರ ನಾವೇ ಕುಳಿತು, ಬರೆದಿಟ್ಟ ಕ್ರಮವನ್ನು ಅಕ್ಷರಶಃ ಅನುಸರಿಸಿ, ಇಡೀ ತಾಲೀಮನ್ನು ನಡೆಸುತ್ತೇವೆ. ಆ ಕ್ರಮವನ್ನು ಕಾಗದದ ಮೇಲೆ ಅಚ್ಚುಮಾಡಿ ಗೋಡೆಗೆ ತೂಗುಹಾಕಿದೆ. ಯಂತ್ರ ನಿಂತಾಗ ಓದಬೇಕಾದುದನ್ನು ಯಂತ್ರದೊಳಗೆ ಇಟ್ಟು ಪ್ರಯೋಜನವಿಲ್ಲ.

ಇನ್ನು ಸ್ಥಳದ ಮಾತು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆಡೆ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಅದರ ಬೆಲೆಯನ್ನು ದಕ್ಷಿಣ ಕೊರಿಯದವರು 2025ರ ಸೆಪ್ಟೆಂಬರ್ 26ರಂದು ಕಂಡರು. ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಅಧಿಕಾರಿಗಳು ತಮ್ಮ ಕೆಲಸದ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರ ಸುಟ್ಟಿತು. ಅದರಲ್ಲಿದ್ದುದು 858 ಟೆರಾಬೈಟು, ಹೊರಗೆ ಪ್ರತಿಯಿರಲಿಲ್ಲ. ಹಡಗು ಸಾಗಣೆಯ ಮಾರ್ಸ್ಕ್ ಕಂಪೆನಿಯ ಕಥೆ ಬೇರೆ ಬಗೆಯದು. ಗುರುತುಗಳನ್ನು ಬಲ್ಲ ಅವರ ಯಂತ್ರಗಳು ಲೋಕದ ನಾನಾ ಕಡೆಗಳಲ್ಲಿದ್ದು, ಒಂದಕ್ಕೊಂದು ಪ್ರತಿಯಾಗಿದ್ದುವು. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ದುಷ್ಟ ತಂತ್ರಾಂಶವು ಬಂದಾಗ, ಪರಸ್ಪರ ಸಂಪರ್ಕವಿದ್ದ ಕಾರಣದಿಂದಲೇ ಅವು ಒಟ್ಟಿಗೆ ಹಾಳಾದುವು. ಘಾನಾ ದೇಶದಲ್ಲಿದ್ದ ಒಂದು ಮಾತ್ರ, ಆ ವೇಳೆಗೆ ಅಲ್ಲಿ ವಿದ್ಯುತ್ತು ಕಡಿದಿದ್ದುದರಿಂದ, ಉಳಿದುಕೊಂಡಿತು. ಆ ಒಂದರಿಂದ ಕಂಪೆನಿ ಮತ್ತೆ ಎದ್ದು, ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಹೂಡಿಕೊಂಡಿತು. ಆದಕಾರಣ ಒಂದು ಪ್ರತಿಯಾದರೂ ಸಂಪರ್ಕದಿಂದ ಬೇರೆಯಾಗಿರಬೇಕು. ಇಲ್ಲವೇ, ಬರೆದ ಮೇಲೆ ಗೊತ್ತಾದ ಅವಧಿಯವರೆಗೆ ಯಾರೂ, ಯಜಮಾನನೂ ಕೂಡ, ಅಳಿಸಲಾಗದಂತೆ ಇರಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ, ಒಂದೇ ಭಂಡಾರದಲ್ಲಿ ತುಂಬಿಡದೆ, ಹಂಚಿದಳೆಂಬುದನ್ನು ನಾವು ದಾನವೆಂದು ಹೊಗಳುತ್ತೇವೆ. ಅದು ದಾನವೂ ಹೌದು, ವಿವೇಕವೂ ಹೌದು.

ನಮ್ಮಲ್ಲಿಯೂ ಪರೀಕ್ಷೆಯ ರಾತ್ರಿ ಬಂದಿತು. ಮುಂಗಾರಿನ ಮೊದಲ ಗುಡುಗು ಮಳೆ. ರಾತ್ರಿ 1 ಗಂಟೆ 20 ನಿಮಿಷಕ್ಕೆ ಸಿಡಿಲಿನ ಆಘಾತಕ್ಕೆ ಮುಖ್ಯ ಶೇಖರಣಾ ಪೆಟ್ಟಿಗೆ ಸತ್ತುಹೋಯಿತು; ಅದನ್ನು ನಂಬಿದ್ದ ಎಲ್ಲ ಕಲ್ಪಿತ ಯಂತ್ರಗಳೂ ನಿಂತುವು. ತೀವ್ರನಿಗಾ ವಿಭಾಗದಲ್ಲಿ ಆರು ವರ್ಷದ ಮಗುವೊಂದಿತ್ತು. ಅದರ ಔಷಧದ ಪ್ರಮಾಣವನ್ನು ಗಂಟೆ ಗಂಟೆಯ ರಕ್ತಪರೀಕ್ಷೆಯ ಅಂಕಿಗಳನ್ನು ಒಂದರ ಪಕ್ಕಕ್ಕೊಂದಿಟ್ಟು ನೋಡಿ ಗೊತ್ತುಮಾಡಬೇಕಾಗಿತ್ತು. ದಾದಿಯೊಬ್ಬರು ನೆನಪಿದ್ದ ಅಂಕಿಗಳನ್ನು ಕಾಗದದ ಮೇಲೆ ಬರೆದು, ನೆನಪಿಲ್ಲದ ಕಡೆ ಖಾಲಿ ಬಿಟ್ಟರು. ಆ ಖಾಲಿ ಜಾಗಗಳನ್ನು ನಾನು ಇನ್ನೂ ಮರೆತಿಲ್ಲ. ಆಸ್ಪತ್ರೆಯ ರಸ್ತೆಯಾಚೆಯ ಕಟ್ಟಡದಲ್ಲಿ ಪ್ರತಿಗಳೂ ಒಂದು ಚಿಕ್ಕ ಯಂತ್ರವೂ ಇದ್ದುವು. ನನ್ನ ಕಿರಿಯ ಸಹೋದ್ಯೋಗಿ ಛತ್ರಿಯಿಲ್ಲದೆ ಓಡಿಹೋಗಿ, ಗೋಡೆಯ ಕಾಗದವನ್ನು ನೋಡಿ, ಆಜ್ಞೆ ಕೊಟ್ಟಳು. ಅಲ್ಲಿಂದ ಮುಂದೆ ಯಾರೂ ಯೋಚಿಸಬೇಕಾಗಲಿಲ್ಲ. ಹತ್ತಾರು ಸಲ ತಾಲೀಮಾಗಿದ್ದ ಕ್ರಮದಲ್ಲಿ ಯಂತ್ರಗಳು ಒಂದೊಂದಾಗಿ ಎದ್ದುವು. 2 ಗಂಟೆ 35 ನಿಮಿಷಕ್ಕೆ ಮಗುವಿನ ಪುಟ ತೆರೆಯಿತು. ಹೋದದ್ದು 1 ಗಂಟೆಯಿಂದೀಚಿನ ಇಪ್ಪತ್ತು ನಿಮಿಷಗಳ ಬರೆವಣಿಗೆ. ಅದನ್ನು ಪ್ರಯೋಗಶಾಲೆಯವರು ತಮ್ಮ ಯಂತ್ರದ ಚೀಟಿಗಳಿಂದ ಮತ್ತೆ ತುಂಬಿದರು. ವೈದ್ಯರು ಪರದೆಯನ್ನು ನೋಡಿ, "ಬಂತೆ? ಒಳ್ಳೆಯದು" ಎಂದಷ್ಟೇ ಹೇಳಿ ಮಗುವಿನ ಕಡೆಗೆ ತಿರುಗಿದರು. ಮಗು ಹತ್ತು ದಿನಗಳ ಮೇಲೆ ಮನೆಗೆ ಹೋಯಿತು. ಅದನ್ನು ಉಳಿಸಿದವರು ವೈದ್ಯರೂ ದಾದಿಯರೂ. ಅವರ ಕೈಗೆ ಬೇಕಾದುದು ಬೇಕಾದ ಹೊತ್ತಿಗೆ ಸಿಕ್ಕಿತೆಂಬುದಷ್ಟೇ ನಮ್ಮ ಪಾಲಿನ ಸಂತೋಷ.

ಮನೆಯವರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಇಂದು ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳ ಮೊದಲ ಹೆಜ್ಜೆಯ ಚಿತ್ರ, ತೀರಿಕೊಂಡ ಅಜ್ಜಿಯ ಧ್ವನಿ, ಜಮೀನಿನ ಪತ್ರಗಳ ನಕಲು, ಎಲ್ಲವೂ ಒಂದು ದೂರವಾಣಿಯೊಳಗೆ ಸೇರಿಕೊಂಡಿವೆ. ಅದು ತಾನೇ ಎಲ್ಲಿಯೋ ಪ್ರತಿ ಮಾಡುತ್ತಿರುವುದೆಂದು ನಂಬಿ ಎಲ್ಲರೂ ಸುಖವಾಗಿದ್ದಾರೆ. ನಂಬಬಾರದೆಂದು ನಾನು ಹೇಳುವುದಿಲ್ಲ. ನೋಡಬೇಕೆಂದು ಮಾತ್ರ ಹೇಳುವೆನು. ಬಿಡುವಿದ್ದ ಒಂದು ಸಂಜೆ, ಆ ದೂರವಾಣಿಯನ್ನು ಪಕ್ಕಕ್ಕಿಟ್ಟು, ಬೇರೊಂದು ಯಂತ್ರದಲ್ಲಿ, ಪ್ರತಿಯಿಂದಲೇ, ಅಜ್ಜಿಯ ಧ್ವನಿಯನ್ನು ಕೇಳಲು ಪ್ರಯತ್ನಿಸಿರಿ. ಕೇಳಿಬಂದರೆ ಮನೆಮಂದಿಯೆಲ್ಲ ಕುಳಿತು ಕೇಳಿ ಸಂತೋಷಪಡಿರಿ. ಕೇಳಿಬಾರದಿದ್ದರೂ ಚಿಂತೆಯಿಲ್ಲ, ಮೂಲವು ಇನ್ನೂ ಪಕ್ಕದಲ್ಲಿಯೇ ಇದೆ, ಮಾಡಬೇಕಾದುದನ್ನು ಮಾಡಲು ಹೊತ್ತೂ ಇದೆ.