ರೊಸಿನಾಂಟೆಯ ಬಿಡಾರಗಳು

1960ರ ಸೆಪ್ಟೆಂಬರಿನಲ್ಲಿ ಜಾನ್ ಸ್ಟೈನ್‌ಬೆಕ್ ತನ್ನ ನಾಯಿ ಚಾರ್ಲಿಯೊಡನೆ ಅಮೆರಿಕವನ್ನು ಸುತ್ತಲು ಹೊರಟಾಗ ಆತನಿಗೆ 58 ವರ್ಷ. ಹಾಸಿಗೆ, ಒಲೆ, ಫ್ರಿಜ್ಜುಗಳಿದ್ದ ಆ ಮನೆಗಾಡಿಗೆ ಇಟ್ಟದ್ದು ಡಾನ್ ಕ್ವಿಕ್ಸಾಟನ ಕುದುರೆಯ ಹೆಸರು, ರೊಸಿನಾಂಟೆ. ಮಾರ್ಗವನ್ನು ಋತುವೇ ಗೊತ್ತುಮಾಡಿದಂತಿದೆ: ಹಿಮ ಕವಿಯುವ ಮುನ್ನ ಮೇಯ್ನ್, ಉತ್ತರ ಡಕೋಟ, ಮೊಂಟಾನಾಗಳ ಬಡಗಣ ದಾರಿ, ಚಳಿ ಬಲಿತ ಮೇಲೆ ಟೆಕ್ಸಾಸ್, ನ್ಯೂ ಆರ್ಲಿಯನ್ಸ್. ಆದರೆ ಇಂತಹ ಯಾತ್ರೆಯಲ್ಲಿ ಹಗಲಿನ ದಾರಿಗಿಂತ ಇರುಳಿನ ಬಿಡಾರವೇ ದೊಡ್ಡ ಚಿಂತೆ. ಗಾಡಿ ನಿಲ್ಲಿಸಲು ಯಾರ ನೆಲ, ನೀರು ಎಲ್ಲಿ ಎಂಬುದು ಕತ್ತಲಾಗುವ ಮೊದಲೇ ಇತ್ಯರ್ಥವಾಗಬೇಕು.

1962ರಲ್ಲಿ ಅಚ್ಚಾದ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯ ಬಗೆಗೆ ಸಂಶಯ ಮೂಡಿದ್ದೂ ಈ ಬಿಡಾರಗಳಿಂದಲೇ. ಅರ್ಧ ಶತಮಾನದ ಬಳಿಕ ಅದೇ ದಾರಿ ಹಿಡಿದ ಪತ್ರಕರ್ತ ಬಿಲ್ ಸ್ಟೈಗರ್‌ವಾಲ್ಡ್ ಪತ್ರಗಳನ್ನೂ ಹಸ್ತಪ್ರತಿಯನ್ನೂ ತಾಳೆ ನೋಡಿದರು. ಲೇಖಕ ಅನೇಕ ರಾತ್ರಿ ಮಲಗಿದ್ದು ಹೋಟೆಲು, ಮೋಟೆಲುಗಳಲ್ಲಿ! ಪಶ್ಚಿಮ ಕರಾವಳಿಯಲ್ಲಿ ಪತ್ನಿ ಎಲೇನ್ ಜೊತೆಗಿದ್ದಳು, ಕರಡಿನಲ್ಲಿಯೂ ಇದ್ದಳು, ಆ ಭಾಗದ ಅಚ್ಚಾದ ಪುಟಗಳಲ್ಲಿ ಇಲ್ಲ. ಸುಳ್ಳು ಸಿಕ್ಕಿತೆಂಬ ಗೆಲುವಿಗಿಂತ ಈ ಅಳಿಸುವಿಕೆಯೇ ಹೆಚ್ಚು ಕುತೂಹಲಕರ: ಒಂಟಿ ಯಾತ್ರಿಕನ ಚಿತ್ರಕ್ಕೆ ಹೆಂಡತಿ ಅಡ್ಡಿಯಾಗಿದ್ದಳು. ನ್ಯೂ ಆರ್ಲಿಯನ್ಸಿನ ಶಾಲೆಯೆದುರು ಕಪ್ಪು ಬಾಲಕಿಯನ್ನು ಬಿಳಿಯ ಹೆಂಗಸರು ನಿಂದಿಸುತ್ತಿದ್ದುದಕ್ಕೆ ಮಾತ್ರ ಅಂದಿನ ಪತ್ರಿಕೆಗಳ ಸಾಕ್ಷ್ಯವೂ ಉಂಟು.